ಚೋಮನ ದುಡಿ ಯಾರಿಗೆ ಕೇಳಿಸುತ್ತದೆ?

ಪ್ರಶ್ನೆ: ನಾನು ಚಳ್ಳಕೆರೆ ಕಡೆಯವಳು, ದಾವಣಗೆರೆಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಸೆಮಿನಾರಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯ ಮೇಲೆ ಪ್ರಬಂಧ ಬರೆಯಬೇಕು. ಸಿಕ್ಕಿದ ನೋಟ್ಸಿನಲ್ಲೆಲ್ಲ ‘ದುಡಿಯು ಚೋಮನ ಅಸಹಾಯಕತೆಯ ಸಂಕೇತ’ ಎಂಬ ಒಂದೇ ಸಾಲು ಇದೆ. ನಮ್ಮ ಕಡೆ ಹಲಗೆ, ಉರುಮೆ ಬಡಿದರೆ ಕೂತವರೂ ಎದ್ದು ಕುಣಿಯುತ್ತಾರೆ. ಚರ್ಮವಾದ್ಯ ಅಸಹಾಯಕತೆಯನ್ನು ಹೇಗೆ ಹೇಳುತ್ತದೆ ಸರ್? ನನಗೆ ಅದರಲ್ಲಿ ಸಿಟ್ಟು, ಪ್ರತಿಭಟನೆ ಕಾಣುತ್ತದೆ. ಹಾಗೆ ಬರೆದರೆ ತಪ್ಪಾಗುತ್ತದೆಯೇ? ಸಿನಿಮಾವನ್ನೂ ಸೇರಿಸಬಹುದೇ?

ಉತ್ತರ: ತಪ್ಪೇನಿಲ್ಲಮ್ಮ. ದುಡಿಯಲ್ಲಿ ಸಿಟ್ಟು ಖಂಡಿತ ಇದೆ. ನೋಟ್ಸಿನ ಸಾಲೂ ಸುಳ್ಳಲ್ಲ. ಆದರೆ ಅದು ಉತ್ತರವನ್ನು ಮೊದಲೇ ಹೇಳಿಬಿಟ್ಟು ಲೆಕ್ಕ ಮಾಡುವ ಕೆಲಸವನ್ನು ತಪ್ಪಿಸಿಕೊಳ್ಳುತ್ತದೆ. ನೀವು ಕೇಳಿರುವುದು ಆ ಲೆಕ್ಕವನ್ನು.

ಒಂದು ವಸ್ತು ಕಾದಂಬರಿಯಲ್ಲಿ ಹತ್ತು ಸಲ ಬಂದ ಮಾತ್ರಕ್ಕೆ ಅದಕ್ಕೆ ಅರ್ಥ ಅಂಟಿಕೊಳ್ಳುವುದಿಲ್ಲ. ದುಡಿಯ ಸದ್ದಿನಲ್ಲಿ ಅಸಹಾಯಕತೆ ಇಲ್ಲವೇ ಇಲ್ಲ. ಅದೇ ದುಡಿಯನ್ನು ಮದುವೆ ಮನೆಯಲ್ಲಿ ಬಾರಿಸಿದರೆ ಸಂಭ್ರಮವಾಗುತ್ತದೆ. ಅಸಹಾಯಕತೆ ಇರುವುದು ಕಾರಂತರು ಆ ಸದ್ದನ್ನು ಯಾವ ಹೊತ್ತಿಗೆ ಎಬ್ಬಿಸುತ್ತಾರೆ, ಅದು ಯಾರ ಕಿವಿಗೆ ಬೀಳುತ್ತದೆ, ಮಾರನೆಯ ಬೆಳಗ್ಗೆ ಏನಾಗುತ್ತದೆ ಎಂಬುದರಲ್ಲಿ. ನಿಮ್ಮ ಪ್ರಬಂಧ ಈ ಮೂರನ್ನು ಹಿಡಿದುಕೊಂಡರೆ ಸಾಕು.

ಓದದಿರುವವರಿಗಾಗಿ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಶಿವರಾಮ ಕಾರಂತರ ಈ ಕಾದಂಬರಿ 1933ರದು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಚೋಮ ಅಸ್ಪೃಶ್ಯ ಸಮುದಾಯದ ಜೀತದಾಳು, ಸಂಕಪ್ಪಯ್ಯ ಅವನ ಧಣಿ. ಮನೆಯಲ್ಲಿ ನಾಲ್ವರು ಗಂಡುಮಕ್ಕಳು, ಬೆಳ್ಳಿ ಎಂಬ ಮಗಳು. ಚೋಮನ ಹತ್ತಿರ ಒಂದು ಜೊತೆ ಎತ್ತುಗಳಿವೆ. ತುಂಡು ನೆಲ ಗೇಣಿಗೆ ಹಿಡಿದು ತಾನೂ ಬೇಸಾಯಗಾರನಾಗಬೇಕು ಎಂಬುದೊಂದೇ ಅವನ ಆಸೆ. ಅವನ ಜಾತಿಯವನಿಗೆ ಬೇಸಾಯಕ್ಕೆ ನೆಲ ಕೊಡುವ ಪದ್ಧತಿ ಇಲ್ಲ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬ ಕಾಯಿಲೆಗೆ ಬಲಿಯಾಗುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಆ ಮತಕ್ಕೆ ಸೇರುತ್ತಾನೆ. ಮತ್ತೊಬ್ಬ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರೂ ಮುಟ್ಟಿದರೆ ಮೈಲಿಗೆ ಎಂದು ಯಾರೂ ಎಳೆದುಕೊಳ್ಳುವುದಿಲ್ಲ. ಬೆಳ್ಳಿ ತೋಟಕ್ಕೆ ಹೋದ ಮೇಲೆ ಸಾಲ ತೀರುತ್ತದೆ, ಆದರೆ ಅದು ಹೇಗೆ ತೀರಿತೆಂದು ಅಪ್ಪನಿಗೆ ಗೊತ್ತಿಲ್ಲ. ನೆಲದ ಆಸೆಗೆ ತಾನೂ ಮತ ಬದಲಿಸಲು ಹೊರಟ ಚೋಮ ತನ್ನ ದೈವವನ್ನು ಬಿಡಲಾರದೆ ಹಿಂತಿರುಗುತ್ತಾನೆ. ಬಂದು ನೋಡಿದರೆ ಮಗಳು ತೋಟದ ರೈಟರ್ (ಲೆಕ್ಕ ಬರೆಯುವವನು) ಮನ್ವೇಲನ ಜೊತೆಗಿದ್ದಾಳೆ. ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ.

ಮೊದಲು ಹೊತ್ತಿನ ವಿಚಾರ. ಪುಸ್ತಕವನ್ನು ಇನ್ನೊಮ್ಮೆ ತೆಗೆದು, ದುಡಿ ಕೇಳಿಸುವ ಪ್ರತಿ ಜಾಗದಲ್ಲೂ ಹಿಂದಿನ ಪುಟಕ್ಕೆ ಹೋಗಿ ನೋಡಿ. ಅಲ್ಲಿ ಯಾವುದೋ ಬಾಗಿಲು ಮುಚ್ಚಿರುತ್ತದೆ. ಕೇಳಿದ್ದು ಸಿಕ್ಕಿಲ್ಲ, ಆಡಬೇಕಾದ ಮಾತು ಗಂಟಲಲ್ಲೇ ಉಳಿದಿದೆ, ಎದುರು ನಿಲ್ಲಬೇಕಿದ್ದ ಮನುಷ್ಯನ ಅಂಗಳದ ಹೊರಗೇ ಕೈಮುಗಿದು ಬಂದಾಗಿದೆ. ಬೇರೆಯವನಾಗಿದ್ದರೆ ಆ ಗಳಿಗೆಯಲ್ಲಿ ಏನಾದರೂ ಮಾಡಿರುತ್ತಿದ್ದ. ಜಗಳ ತೆಗೆಯುತ್ತಿದ್ದ, ಊರು ಬಿಡುತ್ತಿದ್ದ, ಪಂಚಾಯ್ತಿ ಕರೆಯುತ್ತಿದ್ದ. ಚೋಮನಿಗೆ ಅದ್ಯಾವುದೂ ಇಲ್ಲ. ಕ್ರಿಯೆ ಇರಬೇಕಾದ ಖಾಲಿ ಜಾಗದಲ್ಲಿ ಕಾರಂತರು ದುಡಿಯನ್ನು ಕೂರಿಸುತ್ತಾರೆ. ಹಾಗೆ ಮತ್ತೆ ಮತ್ತೆ ಕೂರಿಸಿದ ಮೇಲೆ, ದುಡಿ ಎಂದರೆ ‘ಇಲ್ಲೊಂದು ಕೆಲಸ ಆಗಬೇಕಿತ್ತು, ಆಗಲಿಲ್ಲ’ ಎಂದು ನಾವೇ ಓದಿಕೊಳ್ಳಲು ಕಲಿತುಬಿಡುತ್ತೇವೆ. ಲೇಖಕ ವಿವರಿಸುವ ಅಗತ್ಯವೇ ಉಳಿಯುವುದಿಲ್ಲ. ಪುನರಾವರ್ತನೆ ಮಾಡುವ ಕೆಲಸ ಇದೇ.

ಇನ್ನು ಕಿವಿಯ ವಿಚಾರ. ನಿಮ್ಮ ಹಲಗೆಯ ಪ್ರಶ್ನೆಗೆ ಉತ್ತರ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆಗುತ್ತದೆ, ನೀವೂ ನೋಡಿರಬಹುದು. ಅಲ್ಲಿ ವಾದ್ಯ ಬಡಿಯುವುದು ಊರಿಗಾಗಿ. ಡಂಗುರವೂ ಊರಿಗಾಗಿಯೇ, ಹೆಣದ ಮುಂದೆ ಬಡಿಯುವುದೂ ಊರಿಗಾಗಿಯೇ. ಬಡಿಯುವವನನ್ನು ಊರು ಹೊರಗಿಟ್ಟಿದ್ದರೂ ಅವನ ಸದ್ದನ್ನು ಮಾತ್ರ ಒಳಗೆ ಕರೆಸಿಕೊಳ್ಳುತ್ತದೆ. (ಇದರಲ್ಲೂ ಒಂದು ಕ್ರೌರ್ಯ ಇದೆ, ಅದು ಬೇರೆಯದೇ ಪ್ರಬಂಧದ ವಸ್ತು.) ಆ ಸದ್ದಿಗೊಂದು ವಿಳಾಸವಿದೆ, ಕೇಳಿದವರು ಬರುತ್ತಾರೆ, ಕುಣಿಯುತ್ತಾರೆ, ದಾರಿ ಬಿಡುತ್ತಾರೆ. ಚೋಮ ರಾತ್ರಿ ತನ್ನ ಗುಡಿಸಲಲ್ಲಿ ದುಡಿ ಎತ್ತಿಕೊಳ್ಳುವಾಗ ಯಾರೂ ಹೇಳಿ ಕಳಿಸಿರುವುದಿಲ್ಲ. ಸದ್ದು ಕತ್ತಲಲ್ಲಿ ದೂರದವರೆಗೆ ಹೋಗುತ್ತದೆ ನಿಜ, ಆದರೆ ಅವನ ಬದುಕನ್ನು ಬದಲಿಸುವ ಅಧಿಕಾರ ಇರುವ ಒಬ್ಬನೂ ಅದನ್ನು ಅಹವಾಲು ಎಂದು ಕೇಳಿಸಿಕೊಳ್ಳುವುದಿಲ್ಲ. ಚೋಮ ಕುಡಿಯುವವನು ಬೇರೆ. ಹೊರಗಿನವರಿಗೆ ಅದು ಕಳ್ಳಿನ ಅಮಲು ಅನಿಸಿದರೆ ಆಶ್ಚರ್ಯವಿಲ್ಲ. ದುಃಖ ಇಷ್ಟು ಜೋರಾಗಿ ಸದ್ದು ಮಾಡಿಯೂ ದುಃಖವೆಂದು ಗುರುತಾಗದೆ ಹೋಗುತ್ತದಲ್ಲ, ಅಸಹಾಯಕತೆಯ ತಿರುಳು ಅಲ್ಲಿದೆ. ಅರಣ್ಯರೋದನ ಎನ್ನುತ್ತಾರಲ್ಲ, ಅದಕ್ಕಿಂತ ಒಂದು ಕೈ ಮಿಗಿಲು ಇದು. ಇಲ್ಲಿ ಸುತ್ತ ಇರುವುದು ಅರಣ್ಯವಲ್ಲ, ಊರು.

ಹಾಗಾದರೆ ಸಿಟ್ಟು ಎಲ್ಲಿ ಹೋಯಿತು? ಬಡವನ ಸಿಟ್ಟು ದವಡೆಗೆ ಮೂಲ ಎಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಸಿಟ್ಟು ಬರುವುದು ಧಣಿಯ ಮೇಲೆ, ಪದ್ಧತಿಯ ಮೇಲೆ. ಅದು ತಲುಪುವುದು ಚರ್ಮದ ಮೇಲೆ, ತನ್ನದೇ ಬೆರಳುಗಳ ಮೇಲೆ, ಕೊನೆಗೆ ತನ್ನದೇ ಮಗಳ ಮೇಲೆ. ನೀವು ಸಿಟ್ಟು ಮತ್ತು ಅಸಹಾಯಕತೆಯನ್ನು ಎದುರುಬದುರು ನಿಲ್ಲಿಸಿ ಒಂದನ್ನು ಆರಿಸಲು ಹೊರಟಿದ್ದೀರಿ, ಅದರ ಅಗತ್ಯವಿಲ್ಲ. ಸಿಟ್ಟೇ ಬಾರದವನನ್ನು ನಾವು ಅಸಹಾಯಕ ಎನ್ನುವುದಿಲ್ಲ, ಒಗ್ಗಿಹೋದವನು ಎನ್ನುತ್ತೇವೆ. ಚೋಮ ಒಗ್ಗಿಹೋದವನಲ್ಲ. ಸಿಟ್ಟು ತುಂಬಿ ಬಂದು, ಅದು ಮುಟ್ಟಬೇಕಾದ ಜಾಗವನ್ನು ಮುಟ್ಟಲು ದಾರಿ ಇಲ್ಲದವನು.

ಇಲ್ಲಿ ನನ್ನದೊಂದು ಅಭಿಪ್ರಾಯ ಇದೆ, ಎಲ್ಲರೂ ಒಪ್ಪುವುದಿಲ್ಲ. ಚೋಮನ ಅಸಹಾಯಕತೆಯನ್ನು ತೋರಿಸುವ ದುಡಿಯೇ ಆ ಅಸಹಾಯಕತೆಯನ್ನು ಬೆಳೆಸುವ ಕೆಲಸವನ್ನೂ ಮಾಡುತ್ತದೆ. ರಾತ್ರಿಯೆಲ್ಲ ಬಾರಿಸಿ ಸಿಟ್ಟು ಖರ್ಚಾದ ಮೇಲೆ ಬೆಳಗ್ಗೆ ಎದ್ದು ಅದೇ ಧಣಿಯ ಕೆಲಸಕ್ಕೆ ಹೋಗಬಹುದು. ಧಣಿಗೆ ಇದರಿಂದ ನಷ್ಟವೇನೂ ಇಲ್ಲ. ಮಾರನೆಯ ಬೆಳಗ್ಗೆ ಏನಾಗುತ್ತದೆ ನೋಡಿ ಎಂದು ಮೇಲೆ ಹೇಳಿದ್ದು ಇದಕ್ಕೆ. ಏನೂ ಆಗುವುದಿಲ್ಲ. ದುಡಿಯನ್ನು ಹಾಡಿ ಹೊಗಳುವ, ಅದನ್ನು ದಲಿತ ಬಂಡಾಯದ ಮೊದಲ ರಣಭೇರಿ ಎಂದೆಲ್ಲ ಕರೆಯುವ ಭಾಷಣಗಳನ್ನು ಕೇಳಿದಾಗ ನನಗೆ ಇರುಸುಮುರುಸಾಗುತ್ತದೆ. ರಣಭೇರಿ ಆಗಬೇಕಾದರೆ ಅದನ್ನು ಕೇಳಿ ಇನ್ನೊಬ್ಬ ಎದ್ದು ಬರಬೇಕು. ಈ ಕಾದಂಬರಿಯಲ್ಲಿ ಹಾಗೆ ಎದ್ದು ಬರುವವರಿಲ್ಲ. ಕಾರಂತರ ನಿಷ್ಠುರತೆಯನ್ನು ನಾನು ಮೆಚ್ಚುವುದು ಅದಕ್ಕೇ. ಬೇಕೆಂದರೆ ಒಂದು ಗುಂಪನ್ನು ಎಬ್ಬಿಸಿ ಓದುಗನಿಗೆ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ.

ದುಡಿಯನ್ನು ಒಂಟಿಯಾಗಿ ನೋಡಬೇಡಿ. ಪಕ್ಕದಲ್ಲಿ ಎತ್ತುಗಳಿವೆ. ಪರೀಕ್ಷೆಯ ಉತ್ತರಗಳಲ್ಲಿ ಎತ್ತುಗಳಿಗೆ ಅರ್ಧ ವಾಕ್ಯವೂ ಸಿಗುವುದಿಲ್ಲ. ನನ್ನ ಮಟ್ಟಿಗೆ ದುಡಿಗೆ ಅರ್ಥ ಬರುವುದೇ ಅವುಗಳಿಂದ. ಆಸೆಯೇ ಇಲ್ಲದವನಿಗೆ ಯಾವ ಬಾಗಿಲು ಮುಚ್ಚಿದರೇನು? ಚೋಮನ ಆಸೆ ಕೊಟ್ಟಿಗೆಯಲ್ಲಿ ನಿಂತಿದೆ, ಮೇವು ತಿನ್ನುತ್ತದೆ, ದಿನವೂ ಕಣ್ಣಿಗೆ ಬೀಳುತ್ತದೆ. ಉಳುವುದಕ್ಕೆ ಎತ್ತಿದೆ, ಮೈಯಲ್ಲಿ ಕಸುವಿದೆ, ಮನಸ್ಸಿದೆ. ಇಲ್ಲದಿರುವುದು ಅನುಮತಿ. ಎತ್ತುಗಳು ಬೇರೆಯವರ ಹೊಲ ಉಳುವುದು ಚೋಮನಿಗೆ ಬೇಡ, ತನ್ನ ಹೊಲ ಎಂಬುದಿಲ್ಲ. ಹಾಗಾಗಿ ಅವು ಸುಮ್ಮನೆ ನಿಂತಿವೆ.

ನಮ್ಮ ಚಿತ್ರದುರ್ಗ ಸೀಮೆಯವರಿಗೆ ಇದು ತಟ್ಟನೆ ಹೊಳೆಯಬೇಕು. ನಿಮ್ಮ ಚಳ್ಳಕೆರೆಯಲ್ಲಿ ಹೊಲ ಇದ್ದೂ ಮಳೆ ಇಲ್ಲದೆ ಶೇಂಗಾ ಒಣಗುವುದನ್ನು ನೋಡುತ್ತಾ ನಿಲ್ಲುವ ರೈತನ ಅಸಹಾಯಕತೆ ನಮಗೆ ಗೊತ್ತು. ಆಕಾಶವನ್ನು ಯಾರು ಬೈಯುವುದು? ಚೋಮನ ಊರಿನಲ್ಲಿ ಮಳೆಗೆ ಕೊರತೆಯೇ ಇಲ್ಲ, ಕರಾವಳಿಯ ಮಳೆ. ನೆಲವೂ ಇದೆ. ಅವನ ಕೈ ಕಟ್ಟಿದ್ದು ಮನುಷ್ಯರು ಮಾಡಿದ ಕಟ್ಟಳೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ (ದುಡಿದಷ್ಟು ಫಲ) ಎಂಬ ಮಾತನ್ನು ನೀವು ಚಿಕ್ಕಂದಿನಿಂದ ಕೇಳಿ ಬೆಳೆದಿರುತ್ತೀರಿ. ಚೋಮನ ಕತೆಯ ಪಕ್ಕದಲ್ಲಿ ಆ ಮಾತನ್ನಿಟ್ಟು ನೋಡಿ. ಮಾಡಲಿಕ್ಕೇ ಬಿಡದ ಕಡೆ ಎಷ್ಟು ನೀಡುವುದು? ಸಂಕಪ್ಪಯ್ಯನನ್ನು ರಾಕ್ಷಸನನ್ನಾಗಿ ಮಾಡಿದ್ದರೆ ಕತೆ ಸಲೀಸಾಗುತ್ತಿತ್ತು. ಚೋಮ ಎದುರಿಸುತ್ತಿರುವುದು ಒಬ್ಬ ಕೆಟ್ಟ ಮನುಷ್ಯನನ್ನಲ್ಲ, ಇಡೀ ಊರು ಸರಿ ಎಂದು ನಂಬಿಕೊಂಡಿರುವ ಪದ್ಧತಿಯನ್ನು. ಪದ್ಧತಿಗೆ ಹೊಡೆಯಲು ಮೈ ಎಲ್ಲಿದೆ? ದುಡಿಗೆ ಇದೆ.

ಬೆಳ್ಳಿಯ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತೂ ಇಲ್ಲ. ನೋಟ್ಸಿನಲ್ಲೂ ಇರುವುದಿಲ್ಲ, ಅವರು ಅವಳನ್ನು ‘ಚೋಮನ ದುರಂತಕ್ಕೆ ಕೊನೆಯ ಪೆಟ್ಟು’ ಎಂದು ದಾಟಿಬಿಡುತ್ತಾರೆ. ನನ್ನನ್ನು ಕೇಳಿದರೆ ಪ್ರಬಂಧದ ಅತ್ಯುತ್ತಮ ಭಾಗ ಅಲ್ಲೇ ಕಾದಿದೆ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತವಳು ಬೆಳ್ಳಿ. ಅಡುಗೆ ಅವಳದು, ತಮ್ಮಂದಿರು ಅವಳ ಮಡಿಲಿನವರು, ತೋಟದಲ್ಲಿ ಅಪ್ಪನ ಸಾಲ ತೀರಿದ್ದು ಅವಳ ಮೈಯ ಮೇಲೆ. ಅವಳಿಗೆ ದುಡಿ ಇಲ್ಲ. ಅಪ್ಪನಿಗೆ ಹೇಳಲಾರಳು, ತಮ್ಮಂದಿರಿಗೆ ಹೇಳಲಾರಳು, ರಾತ್ರಿ ಎದ್ದು ಏನನ್ನೋ ಬಾರಿಸಿ ಹಗುರಾಗುವ ಹಕ್ಕೂ ಅವಳದಲ್ಲ. ಚೋಮನ ಸದ್ದು ಪುಸ್ತಕದ ತುಂಬ ಇರುವುದರಿಂದಲೇ ಬೆಳ್ಳಿಯ ಮೌನ ಎಷ್ಟು ದೊಡ್ಡದು ಎಂದು ಅಳೆಯಲು ಸಾಧ್ಯವಾಗುತ್ತದೆ. ಸಂಕೇತವೊಂದು ಯಾರ ಕೈಯಲ್ಲಿದೆ ಎಂದು ನೋಡಿದ ಮೇಲೆ, ಯಾರ ಕೈಯಲ್ಲಿ ಇಲ್ಲ ಎಂದೂ ನೋಡಬೇಕು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಅಸಹಾಯಕನಾದ ಚೋಮ ತನಗಿಂತ ಅಸಹಾಯಕಳಾದವಳ ಮೇಲೆ ಕೈ ಎತ್ತುತ್ತಾನೆ. ಧಣಿಯ ಮುಂದೆ ಏಳದ ಕೈ, ಹೊಳೆಯ ದಡದಲ್ಲಿ ಸುಮ್ಮನೆ ನಿಂತವರ ಮೇಲೆ ಏಳದ ಕೈ, ಮಗಳ ಮೇಲೆ ಏಳುತ್ತದೆ. ಆಮೇಲೆ ಅದೇ ಕೈ ದುಡಿಗೆ ಹೋಗುತ್ತದೆ. ಆ ಕೊನೆಯ ಪುಟಗಳಲ್ಲಿ ಚೋಮನ ಮೇಲೆ ನಮಗೆ ಬರುವ ಮರುಕ ಶುದ್ಧ ಮರುಕವಲ್ಲ. ಬರಬಾರದು ಕೂಡ. ತರಗತಿಯಲ್ಲಿ ಪಾಠ ಮಾಡುವಾಗ ಹುಡುಗರು ಚೋಮನ ಪರ, ಹುಡುಗಿಯರು ಬೆಳ್ಳಿಯ ಪರ ನಿಂತು ವಾದಕ್ಕೆ ಬಿದ್ದದ್ದನ್ನು ಕಂಡಿದ್ದೇನೆ. ಆ ವಾದ ಬಗೆಹರಿಯದಿರುವುದೇ ಲೇಸು ಎಂದು ಸುಮ್ಮನಿರುತ್ತಿದ್ದೆ.

ಕೊನೆಯ ದೃಶ್ಯದಲ್ಲಿ ಮಾತ್ರ ದುಡಿಯ ನಿಯಮ ಬದಲಾಗುತ್ತದೆ. ಅಲ್ಲಿಯವರೆಗೆ ರಾತ್ರಿ ಕಳೆಯುವುದಕ್ಕೆ ಬಾರಿಸುತ್ತಿದ್ದವನಿಗೆ ಈಗ ಕಾಯುವ ಬೆಳಗು ಇಲ್ಲ. ಎತ್ತುಗಳನ್ನು ತಾನೇ ಅಟ್ಟಿದ್ದಾನೆ, ಅಂದರೆ ಆಸೆಯನ್ನು ಬಿಡುವ ಕೆಲಸವನ್ನಾದರೂ ಅವನೇ ಮಾಡಿದ್ದಾನೆ. ಇಡೀ ಕಾದಂಬರಿಯಲ್ಲಿ ಅವನು ಯಾರನ್ನೂ ಕೇಳದೆ, ಯಾರಿಗೂ ಹೆದರದೆ ಮಾಡಿ ಮುಗಿಸಿದ ಕೆಲಸ ಅದೊಂದೇ ಇರಬೇಕು. ನೀವು ಪ್ರತಿಭಟನೆ ಎಂಬ ಮಾತನ್ನು ಬಳಸಲೇಬೇಕೆಂದಿದ್ದರೆ ಇಲ್ಲಿ ಬಳಸಿ, ಆದರೆ ಅದರ ಬೆಲೆಯನ್ನೂ ಪಕ್ಕದಲ್ಲೇ ಬರೆಯಿರಿ. ಆ ಪ್ರತಿಭಟನೆಯಿಂದ ಸತ್ತವನು ಪ್ರತಿಭಟಿಸಿದವನೇ.

ಹೋಲಿಕೆಗೆ ಇನ್ನೊಂದು ಕಾದಂಬರಿ ಬೇಕಿದ್ದರೆ ಅನಂತಮೂರ್ತಿಯವರ ‘ಸಂಸ್ಕಾರ’ ತೆಗೆದುಕೊಳ್ಳಿ, 1965ರದು. ದೂರ್ವಾಸಪುರದ ಅಗ್ರಹಾರದಲ್ಲಿ ಬ್ರಾಹ್ಮಣರ ಕಟ್ಟಳೆಗಳನ್ನೆಲ್ಲ ಮುರಿದ ನಾರಣಪ್ಪ ಸತ್ತಿದ್ದಾನೆ, ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದು ತೀರ್ಮಾನವಾಗುವುದಿಲ್ಲ. ಹೆಣ ನಾರುತ್ತದೆ, ಇಲಿಗಳು ಸಾಯುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಜಾಗಟೆ ಬಾರಿಸಿ, ಶಂಖ ಊದಿ ಅವುಗಳನ್ನು ಓಡಿಸಲು ನೋಡುತ್ತಾರೆ. ಇಲ್ಲೂ ಸದ್ದು, ಅಲ್ಲೂ ಸದ್ದು, ಗಮನಿಸಿ. ಚೋಮನಿಗೆ ಕೆಲಸ ಮಾಡುವ ಮನಸ್ಸಿದೆ, ಕಟ್ಟಳೆ ಬೇರೆಯವರದು. ಅಗ್ರಹಾರದವರ ಕೈಯನ್ನು ಬೇರೆ ಯಾರೂ ಹಿಡಿದಿಲ್ಲ, ಅವರನ್ನು ಕಟ್ಟಿಹಾಕಿರುವುದು ಅವರೇ ಕಾಪಾಡಿಕೊಂಡು ಬಂದ ಕಟ್ಟಳೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಅಷ್ಟೆಲ್ಲ ಶಾಸ್ತ್ರ ಗೊತ್ತಿದ್ದೂ ಉತ್ತರ ಸಿಗುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಹದ್ದು ಹೊರಗಿನಿಂದ ಬಂದು ಮನುಷ್ಯನ ಅಸಹಾಯಕತೆಯನ್ನು ತೋರಿಸುತ್ತದೆ. ದುಡಿಯ ಸದ್ದು ಮನುಷ್ಯನ ಕೈಯಿಂದಲೇ ಹುಟ್ಟುತ್ತದೆ, ಹಾಗಾಗಿ ನಮ್ಮನ್ನು ಹೆಚ್ಚು ಕಾಡುವುದು ಅದೇ ಎಂದು ನನ್ನ ಭಾವನೆ. ಒಂದು ಎಚ್ಚರಿಕೆ: ಮರುಕಳಿಸುವುದೆಲ್ಲ ಅಸಹಾಯಕತೆಯ ಸಂಕೇತ ಎಂದು ಸೂತ್ರ ಮಾಡಿಕೊಳ್ಳಬೇಡಿ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯೂ ಕೊನೆಗೆ ಕೈಗೆ ಸಿಗದೆ ತೇಲಿ ಹೋಗುತ್ತದೆ, ಅಲ್ಲಿ ಉಳಿಯುವುದು ಬೆರಗು.

ಸಿನಿಮಾ ಸೇರಿಸಬಹುದೇ ಎಂದಿರಿ. ಧಾರಾಳವಾಗಿ ಸೇರಿಸಿ, ಆದರೆ ಕಾದಂಬರಿಯ ಜೊತೆ ಕಲಸಬೇಡಿ, ಬೇರೆ ಭಾಗ ಮಾಡಿ. ಬಿ.ವಿ. ಕಾರಂತರ ನಿರ್ದೇಶನದ ಚಿತ್ರ 1975ರದು, ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಪುಸ್ತಕದಲ್ಲಿ ದುಡಿಯ ಸದ್ದನ್ನು ನಾವು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು. ಚಿತ್ರಮಂದಿರದಲ್ಲಿ ಅದು ನಿಜವಾಗಿ ಎದೆಗೆ ಬಡಿಯುತ್ತದೆ, ನಿರ್ದೇಶಕರು ರಂಗಸಂಗೀತದಲ್ಲಿ ಪಳಗಿದವರು ಬೇರೆ. ಆದ್ದರಿಂದ ನೋಡುವವರಿಗೆ ಚೋಮನ ಶಕ್ತಿ ಹೆಚ್ಚಾಗಿ ಕಾಣುತ್ತದೆ. ನಿಮಗೆ ‘ಪ್ರತಿಭಟನೆ’ ಎನಿಸಿದ್ದು ಪುಸ್ತಕದಿಂದಲೋ ಸಿನಿಮಾದಿಂದಲೋ ಎಂದು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ಕಾಲವೂ ಬದಲಾಗಿತ್ತು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಿತ್ತು, ಜೀತ ನಿಷೇಧ ಕಾಯ್ದೆ 1976ರಲ್ಲಿ ಬಂತು. ಈ ಎರಡರ ನಡುವೆ ಚೋಮನ ಚಿತ್ರವನ್ನು ನೋಡಿದವರಿಗೂ 1933ರಲ್ಲಿ ಪುಸ್ತಕ ಓದಿದವರಿಗೂ ಒಂದೇ ದುಡಿ ಕೇಳಿಸಿರಲಾರದು.

ಬರೆಯುವಾಗ ‘ಸಂಕೇತ’ ಎಂಬ ಪದವನ್ನು ಮೊದಲ ಪುಟದಲ್ಲಿ ಬಳಸಲೇಬೇಡಿ. ದುಡಿ ಬರುವ ನಾಲ್ಕು ಸಂದರ್ಭ ಆರಿಸಿ, ಅದರ ಹಿಂದಿನ ಪುಟದಲ್ಲಿ ಏನಾಗಿದೆ, ಮುಂದಿನ ಪುಟದಲ್ಲಿ ಏನಾಗಿಲ್ಲ ಎಂದು ಬರೆಯುತ್ತಾ ಹೋಗಿ. ಬೆಳ್ಳಿಗೆ ಕನಿಷ್ಠ ಎರಡು ಪುಟ ಕೊಡಿ. ಸೆಮಿನಾರಿನಲ್ಲಿ ಯಾರಾದರೂ ‘ಹಲಗೆಗೂ ದುಡಿಗೂ ಏನು ವ್ಯತ್ಯಾಸ’ ಎಂದು ಕೇಳೇ ಕೇಳುತ್ತಾರೆ. ಅದಕ್ಕೆ ನಿಮ್ಮೂರಿನ ಜಾತ್ರೆಯಲ್ಲಿ ಬಡಿಯುವವರನ್ನು ಹೋಗಿ ಮಾತಾಡಿಸಿ, ಅವರು ತಮ್ಮ ಮನೆಯಲ್ಲಿ, ತಮಗಾಗಿ ಯಾವಾಗಲಾದರೂ ಬಡಿದದ್ದುಂಟೇ ಎಂದು ಕೇಳಿ. ಅವರು ಹೇಳುವುದನ್ನು ನನ್ನ ಉತ್ತರಕ್ಕಿಂತ ಮೇಲೆ ಇಟ್ಟುಕೊಂಡು ಪ್ರಬಂಧಕ್ಕೆ ಸೇರಿಸಿ.